ಮಾವನ ಎಚ್‌ಆರ್‌ವಿ 78, ಅತ್ತೆಯದು 21: ವಯಸ್ಸಿನ ಲೆಕ್ಕಕ್ಕೆ ಹೊಂದುತ್ತಾ?

ಹೇಮಾವತಿ_ದಂಡೆ (ಹಾಸನ):
ಮನೇಲಿ ನಾಲ್ಕೂ ಜನಕ್ಕೆ ಒಂದೇ ಕಂಪನಿಯ ವಾಚ್, ರಾತ್ರಿ ಕಟ್ಕೊಂಡೇ ಮಲಗೋದು. ಎಚ್‌ಆರ್‌ವಿ ಅಂದ್ರೆ ಬಡಿತಗಳ ನಡುವಿನ ಅಂತರ ಎಷ್ಟು ಏರಿಳಿಯುತ್ತೆ ಅನ್ನೋದು; ವಾಚ್ ಅದನ್ನ ಆರ್‌ಎಂಎಸ್‌ಎಸ್‌ಡಿ (ಪಕ್ಕಪಕ್ಕದ ಅಂತರಗಳ ವ್ಯತ್ಯಾಸದ ಲೆಕ್ಕ) ಅಂತ ಕೊಡುತ್ತೆ. ವಾರದ ಸರಾಸರಿ, ಮಿಲಿಸೆಕೆಂಡಿನಲ್ಲಿ: ನನ್ನದು (ವಯಸ್ಸು 32) 44, ಯಜಮಾನ್ರದು (36) 46, ಅತ್ತೆಯದು (58) 21, ಮಾವನದು (66) 78. ವಯಸ್ಸಾದಂತೆ ಕಮ್ಮಿ ಆಗುತ್ತೆ ಅಂತಾರೆ, ಮಾವನದು ಎಲ್ಲರಿಗಿಂತ ಜಾಸ್ತಿ. ಖುಷಿ ಪಡೋದಾ? ಅತ್ತೆಯದು ಇಷ್ಟು ಕಮ್ಮಿ ಇರೋದು ಹೆಂಗಸರು ಅಂತಲಾ? ಅತ್ತೆಗೆ ಬಹಳ ವರ್ಷದಿಂದ ಶುಗರ್ ಇದೆ. ಮಾವನಿಗೆ ಮಾತ್ರೆ ಏನೂ ಇಲ್ಲ.

ತೋಟದಮನೆ (ಚಿಕ್ಕಮಗಳೂರು):
ಉಸಿರು ಎಳೆದಾಗ ಬಡಿತ ಚುರುಕಾಗುತ್ತೆ, ಬಿಟ್ಟಾಗ ನಿಧಾನ ಆಗುತ್ತೆ. ಇದನ್ನ ಮಾಡಿಸೋದು ಮಿದುಳಿಂದ ಹೃದಯಕ್ಕೆ ಇಳಿಯೋ ವೇಗಸ್ ನರ. ಆರ್‌ಎಂಎಸ್‌ಎಸ್‌ಡಿ ಅಳೆಯೋದು ಮುಖ್ಯವಾಗಿ ಇದನ್ನೇ. ವಯಸ್ಸಾದಂತೆ ಆ ನರದ ಹಿಡಿತ ಸಡಿಲವಾಗೋದ್ರಿಂದ ಇಪ್ಪತ್ತರಿಂದ ಐವತ್ತರವರೆಗೆ ಈ ಸಂಖ್ಯೆ ಬೇಗ ಇಳಿದು, ಆಮೇಲೆ ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತೆ. ಆಪಲ್ ವಾಚ್ ತೋರಿಸೋದು ಎಸ್‌ಡಿಎನ್‌ಎನ್ (ಎಲ್ಲ ಅಂತರಗಳ ಒಟ್ಟಾರೆ ಏರಿಳಿತ), ಅದು ಬೇರೆ ಲೆಕ್ಕ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಇನ್ನು ಹೆಂಗಸು, ಗಂಡಸಿನ ವಿಷಯ. ಹಲವು ಅಧ್ಯಯನ ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯ ಪ್ರಕಾರ ಹೆಂಗಸರ ಬಡಿತ ಸರಾಸರಿ ಸ್ವಲ್ಪ ವೇಗ, ಎಸ್‌ಡಿಎನ್‌ಎನ್ ಸ್ವಲ್ಪ ಕಮ್ಮಿ, ಆದರೆ ಉಸಿರಿನ ಜೊತೆ ಬರುವ ಏರಿಳಿತದ ಪಾಲು (0.15ರಿಂದ 0.40 ಹರ್ಟ್ಸ್) ಗಂಡಸರಿಗಿಂತ ಹೆಚ್ಚು. ಬಡಿತ ವೇಗವಾದ್ರೆ ಏರಿಳಿತ ಕಮ್ಮಿ ಆಗಬೇಕಿತ್ತು, ಆದ್ರೂ ಹೆಚ್ಚಿದೆ ಅನ್ನೋದೇ ಇದರಲ್ಲಿ ಗಮನಿಸಬೇಕಾದ್ದು. ಐವತ್ತು ದಾಟಿದ ಮೇಲೆ ಈ ಅಂತರ ಬಹುಪಾಲು ಅಳಿಸಿಹೋಗುತ್ತೆ. ಹಾಗಾಗಿ ಅತ್ತೆಯವರ 21ಕ್ಕೆ ಹೆಂಗಸರು ಅನ್ನೋದು ಕಾರಣ ಅಲ್ಲ. ಆ ವಯಸ್ಸಿಗೆ 21 ಅಪರೂಪವೂ ಅಲ್ಲ. ಆದರೆ ಹಳೇ ಶುಗರ್ ವೇಗಸ್‌ನಂಥ ಉದ್ದದ ನರಗಳನ್ನ ಮೊದಲು ಹಾಳುಮಾಡುತ್ತೆ. ಎದ್ದು ನಿಂತಾಗ ತಲೆ ಸುತ್ತುತ್ತಾ ಕೇಳಿ. ಮಲಗಿದ್ದಾಗ ಒಮ್ಮೆ, ನಿಂತು 3 ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡಿ. ಮೇಲಿನ ಸಂಖ್ಯೆ 20 ಅಥವಾ ಹೆಚ್ಚು ಇಳಿದ್ರೆ ಡಾಕ್ಟರಿಗೆ ಹೇಳಿ.

ನಾಡಿಮಿಡಿತ:
ನನಗೆ ಯೋಚನೆ ಹತ್ತಿರೋದು ಮಾವನವರ 78. ಅರವತ್ತು ದಾಟಿದವರಲ್ಲಿ ಇಷ್ಟು ಕಂಡ್ರೆ ಮೊದಲು ಅನುಮಾನಿಸಬೇಕಾದ್ದು ಬಡಿತದ ಲಯ.

ಲೆಕ್ಕ ನೋಡಿ. ಬಡಿತಗಳ ನಡುವೆ 900 ಮಿಲಿಸೆಕೆಂಡ್ ಅಂದ್ರೆ 5 ನಿಮಿಷಕ್ಕೆ ಸುಮಾರು 330 ಬಡಿತ. ನಿಜವಾದ ಆರ್‌ಎಂಎಸ್‌ಎಸ್‌ಡಿ 20 ಅಂತಿಟ್ಕೊಳ್ಳಿ. ಒಂದು ಬಡಿತ ಅವಧಿಗೆ ಮುಂಚೆ ಬಂದ್ರೆ ಅಂತರ 900, 560, 1240, 900 ಹೀಗಾಗುತ್ತೆ. ಪಕ್ಕಪಕ್ಕದ ವ್ಯತ್ಯಾಸ 340, 680, 340. ಆರ್‌ಎಂಎಸ್‌ಎಸ್‌ಡಿ ಈ ವ್ಯತ್ಯಾಸಗಳ ವರ್ಗ ಕೂಡಿಸಿ, ಸರಾಸರಿಯ ವರ್ಗಮೂಲ ತೆಗೆಯುತ್ತೆ, ಹಾಗಾಗಿ ಒಂದೇ ಬಡಿತಕ್ಕೆ 6,93,600 ಸೇರಿಬಿಡುತ್ತೆ. 330ರಲ್ಲಿ ಇಂಥವು ಮೂರೇ ಮೂರು ಇದ್ರೂ ಸಾಕು, 20 ಇದ್ದದ್ದು 82 ಆಗುತ್ತೆ! ವಾಚಿನ ಸಾಫ್ಟ್‌ವೇರ್ ಇಂಥ ಬಡಿತಗಳನ್ನ ಸೋಸಿ ತೆಗೀಬೇಕು, ಎಲ್ಲ ಸಲ ತೆಗೆಯಲ್ಲ. ಪಟ್ಟಿ ಸಡಿಲವಾಗಿ ಒಂದು ಬಡಿತ ಲೆಕ್ಕ ತಪ್ಪಿದ್ರೂ ಸಂಖ್ಯೆ ಹೀಗೇ ಹಾರುತ್ತೆ.

ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರೋದು) ಆಗಿದ್ರೆ ಎಚ್‌ಆರ್‌ವಿಗೆ ಅರ್ಥವೇ ಇಲ್ಲ. ಅದರಲ್ಲಿ ಪ್ರತಿ ಅಂತರವೂ ಅಡ್ಡಾದಿಡ್ಡಿ. ಪಾರ್ಶ್ವವಾಯುವಿಗೆ ದಾರಿ ಮಾಡೋ ತೊಂದರೆ ಅದು, ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ.

ಮಾವನವರನ್ನ 5 ನಿಮಿಷ ಸುಮ್ಮನೆ ಕೂರಿಸಿ, ಹೆಬ್ಬೆರಳಿನ ಬುಡದ ಹತ್ತಿರ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಪೂರ್ತಿ 60 ಸೆಕೆಂಡ್ ನಾಡಿ ನೋಡಿ. 15 ಸೆಕೆಂಡ್ ನೋಡಿ ನಾಲ್ಕರಿಂದ ಗುಣಿಸಬೇಡಿ, ತಪ್ಪೋ ಬಡಿತ ಸಿಗೋದೇ ಇಲ್ಲ.

ಹೇಮಾವತಿ_ದಂಡೆ:
ನೋಡಿದೆ. 64 ಬಂತು. ಮಧ್ಯೆ ಎರಡು ಸಲ ಬಿಟ್ಟು ಹೊಡೀತು, ಮಿಕ್ಕಿದ್ದು ಸಮ. ಮಾವ ನನಗೇನೂ ಆಗಿಲ್ಲ ಅಂತಾರೆ.

ನಾಡಿಮಿಡಿತ:
ಸಮವಾಗಿದ್ದು ನಡುನಡುವೆ ತಪ್ಪೋದು ಬಹುತೇಕ ಅವಧಿಪೂರ್ವ ಬಡಿತ. ಈ ವಯಸ್ಸಲ್ಲಿ ಸಾಮಾನ್ಯ, ಅನೇಕ ಸಲ ನಿರಪಾಯ. ಆದರೂ ಬರೀ ಬೆರಳಲ್ಲಿ ತೀರ್ಮಾನ ಬೇಡ. ಹಿಮ್ಸ್‌ನಲ್ಲಿ (ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ) ಇಸಿಜಿ ಮಾಡಿಸುವಾಗ ನಾಡಿ ತಪ್ಪುತ್ತೆ ಅಂತ ಮೊದಲೇ ಹೇಳಿ, ಉದ್ದನೆಯ ಪಟ್ಟಿ ತೆಗೆಯೋಕೆ ಕೇಳಿ. ಸಾಮಾನ್ಯ ಇಸಿಜಿ 10 ಸೆಕೆಂಡಿನದು, ಅಷ್ಟರಲ್ಲಿ ತಪ್ಪು ಬಡಿತ ಬರದೇ ಹೋಗಬಹುದು. ಆಗ 24 ಗಂಟೆಯ ಹೋಲ್ಟರ್ (ಮೈಗೆ ಕಟ್ಟಿಕೊಂಡೇ ಓಡಾಡೋ ಇಸಿಜಿ) ಬೇಕಾ ಅಂತ ಡಾಕ್ಟರನ್ನೇ ಕೇಳಿ. ಎದೆನೋವು, ಏದುಸಿರು, ಪ್ರಜ್ಞೆ ತಪ್ಪೋದು ಇದ್ರೆ ವಾಚ್ ನೋಡ್ತಾ ಕೂರದೆ ತಕ್ಷಣ ಹೊರಡಿ.

ತೋಟದಮನೆ:
ನಿಮ್ಮದಕ್ಕೂ ಒಂದು ಮಾತು. ಮುಟ್ಟಿಗೆ ಮುಂಚಿನ ಎರಡು ವಾರ ಬಡಿತ ಸ್ವಲ್ಪ ಏರಿ ಆರ್‌ಎಂಎಸ್‌ಎಸ್‌ಡಿ ಇಳಿಯೋದು ಸಹಜ. ಹಾಗಾಗಿ ಈ ವಾರವನ್ನ ಹೋದ ವಾರದ ಜೊತೆ ಇಡಬೇಡಿ, ಹೋದ ತಿಂಗಳ ಇದೇ ಹೊತ್ತಿನ ಜೊತೆ ಇಡಿ.