ಪ್ರಶ್ನೋತ್ತರ: ಎಸ್ಸೆಸ್ಸೆಲ್ಸಿ ಆಯ್ತು, ಕಂಪ್ಯೂಟರ್ ಓದೋಕೆ ಯಾವ ದಾರಿ?

ಪ್ರಶ್ನೆ (ಗುಬ್ಬಿ ತಾಲ್ಲೂಕಿನ ತೆಂಗು ಬೆಳೆಗಾರರೊಬ್ಬರಿಂದ):
ನಮಸ್ಕಾರ ಮೇಡಂ. ಮಗಳು ಒಂದರಿಂದ ಹತ್ತರವರೆಗೂ ಹಳ್ಳಿಯಲ್ಲೇ, ಕನ್ನಡ ಮೀಡಿಯಂನಲ್ಲಿ ಓದಿದವಳು. ಗಣಿತದಲ್ಲಿ 91, ಇಂಗ್ಲಿಷ್‌ನಲ್ಲಿ 68. ಕಂಪ್ಯೂಟರೇ ಓದಬೇಕು ಅಂತ ಹಟ. ಡಿಪ್ಲೊಮಾ ಮಾಡಿಸು, ಬೇಗ ಕೆಲಸ ಸಿಗುತ್ತೆ ಅಂತ ನಮ್ಮ ಭಾವ ಹೇಳುತ್ತಾರೆ. ಮೇಷ್ಟ್ರು ಪಿಯುಸಿ ಸೈನ್ಸ್ ಅಂತಾರೆ. ಪಕ್ಕದ ಮನೆ ಹುಡುಗ ಬಿಸಿಎ ಸಾಕು ಅಂತಾನೆ. ಡೊನೇಷನ್ ಕಟ್ಟುವ ಶಕ್ತಿ ನಮಗಿಲ್ಲ. ಏನು ಮಾಡಲಿ?

ಉತ್ತರ:
ನಮಸ್ಕಾರ ಅಣ್ಣ. ನಾನು ತುಮಕೂರಲ್ಲಿ ಡಿಪ್ಲೊಮಾ ಮುಗಿಸಿ, ಆಮೇಲೆ ಬಿಇ ಓದಿದವಳು. ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ 14 ವರ್ಷ ಆಯಿತು.

ಮೊದಲು ವರ್ಷದ ಲೆಕ್ಕ ಹಾಕೋಣ. ಪಿಯುಸಿ ಎರಡು, ಬಿಇ ನಾಲ್ಕು, ಒಟ್ಟು ಆರು. ಡಿಪ್ಲೊಮಾ ಮೂರು, ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರಿದರೆ ಇನ್ನು ಮೂರು. ಅದೂ ಆರೇ! ಡಿಪ್ಲೊಮಾಗೇ ನಿಲ್ಲಿಸಿದರೆ ಮಾತ್ರ ಬೇಗ. ಆದರೆ ಸಾಫ್ಟ್‌ವೇರ್ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವಾಗ ಹೆಚ್ಚಾಗಿ ಡಿಗ್ರಿ ಕೇಳುತ್ತವೆ. ನಿಮ್ಮ ಭಾವನ ಮಾತು ಅರ್ಧ ಸರಿ.

ಡಿಪ್ಲೊಮಾದವರಿಗೆ ಬಿಇ ಸೇರಿದ ಮೇಲೆ ಗಣಿತದಲ್ಲಿ ಏಟು ಬೀಳುತ್ತದೆ. ಮಿಕ್ಕವರಿಗಿಲ್ಲದ 'ಡಿಪ್ ಮ್ಯಾಥ್ಸ್' ಅಂತ ಒಂದು ಪೇಪರ್ ನಮ್ಮ ತಲೆಗೆ ಜಾಸ್ತಿ ಇತ್ತು. ಪಾಸಾಗಲು ನಾನು ಪಟ್ಟ ಪಾಡು ನನಗೇ ಗೊತ್ತು. ಗಣಿತ ಚೆನ್ನಾಗಿರುವ ಹುಡುಗಿಯನ್ನು ಆ ದಾರಿಗೆ ಹಾಕಬೇಡಿ.

ನನ್ನ ಓಟು ನಿಮ್ಮ ಮೇಷ್ಟ್ರಿಗೆ. ಪಿಯುಸಿಯಲ್ಲಿ ಪಿಸಿಎಂಸಿ ಕೊಡಿಸಿ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಜೊತೆ ಕಂಪ್ಯೂಟರ್ ಸೈನ್ಸ್. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿ ಬೋರ್ಡ್ ಪರೀಕ್ಷೆಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ ಅರ್ಧ. ಸಿಇಟಿ ಕೋಚಿಂಗ್ ಒಂದನ್ನೇ ನಂಬಿ ಬೋರ್ಡ್ ಪರೀಕ್ಷೆ ಕಡೆಗಣಿಸಿದವರು ಇಲ್ಲೇ ಎಡವುತ್ತಾರೆ. ಇನ್ನೊಂದು, ನಿಮ್ಮ ಮಗಳಿಗೆ ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮ ಕೋಟಾ ಶೇ. 5, ಎರಡಕ್ಕೂ ಅವಕಾಶ ಇದೆ. ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರಗಳನ್ನು ಈಗಲೇ ಮಾಡಿಸಿಡಿ. ಸಿಇಟಿ ಟೈಮಲ್ಲಿ ಓಡಾಡುವುದು ಬೇಡ. ಸರ್ಕಾರಿ ಕೋಟಾದ ಸೀಟು ಸಿಕ್ಕರೆ ಡೊನೇಷನ್ ಮಾತೇ ಇಲ್ಲ. ಬೆಂಗಳೂರಿಗೇ ಹೋಗಬೇಕು ಅಂತಲೂ ಇಲ್ಲ, ತುಮಕೂರಿನ ಸಿದ್ದಗಂಗಾ ಎಂಜಿನಿಯರಿಂಗ್ ಕಾಲೇಜು 1963ರದ್ದು.

ಅಕಸ್ಮಾತ್ ರ‍್ಯಾಂಕ್ ಬರಲಿಲ್ಲ ಅನ್ನಿ, ಬಿಸಿಎ ಬಾಗಿಲು ಆಗಲೂ ತೆರೆದೇ ಇರುತ್ತದೆ. ಮೂರು ವರ್ಷ ಬಿಸಿಎ, ಬೇಕಾದರೆ ಎರಡು ವರ್ಷ ಎಂಸಿಎ. ನಮ್ಮ ಟೀಮಲ್ಲಿ ಬಿಸಿಎ ಓದಿದವರು ಇಬ್ಬರಿದ್ದಾರೆ, ಒಬ್ಬ ನನಗಿಂತ ಚೆನ್ನಾಗಿ ಕೋಡ್ ಬರೆಯುತ್ತಾನೆ. ಇಂಗ್ಲಿಷ್‌ಗೆ ಹೆದರಬೇಡಿ. ಮೊದಲ ಆರು ತಿಂಗಳು ಅಳುತ್ತಾಳೆ, ಆಮೇಲೆ ಸರಿಹೋಗುತ್ತದೆ.

ಪ್ರಶ್ನೆ (ತುಮಕೂರಿನ ಒಬ್ಬ ತಾಯಿಯಿಂದ):
ಮೇಡಂ, ನನ್ನ ಮಗ ಸೆಕೆಂಡ್ ಪಿಯುಸಿ. ಕಂಪ್ಯೂಟರ್ ಸೈನ್ಸ್ ಒಳ್ಳೆಯದಾ, ಎಐ ಬ್ರಾಂಚಾ? ಎಐ ಬಂದ ಮೇಲೆ ಕೋಡಿಂಗ್ ಕೆಲಸವೇ ಇರಲ್ಲ ಅಂತಾರಲ್ವಾ?

ಉತ್ತರ:
ಬ್ರಾಂಚಿನ ಹೆಸರಿಗೆ ತಲೆ ಕೆಡಿಸಿಕೊಳ್ಳಬೇಡಿ ಅಕ್ಕ. ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್, ಡೇಟಾಬೇಸ್ ಎಲ್ಲಾ ಕಡೆ ಅವೇ. ಹೆಸರಿಗಾಗಿ ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟು ತೆಗೆದುಕೊಳ್ಳುವುದಂತೂ ಬೇಡವೇ ಬೇಡ.

ಕೆಲಸದ ಬಗ್ಗೆ ನನ್ನದೇ ಒಂದು ಕಥೆ ಹೇಳುತ್ತೇನೆ. ಕಾಲೇಜಲ್ಲಿ ಲ್ಯಾಬ್ ರೆಕಾರ್ಡ್ ಅಂದರೆ ಸೀನಿಯರ್ ಪುಸ್ತಕ ನೋಡಿ ಕಾಪಿ ಮಾಡುವುದು, ಅಷ್ಟೇ. ಮೊದಲ ಇಂಟರ್‌ವ್ಯೂನಲ್ಲಿ ಕೇಳಿದ್ದು ಸುಲಭದ ಪ್ರಶ್ನೆ, ಪಟ್ಟಿಯಲ್ಲಿರುವ ದೊಡ್ಡ ಸಂಖ್ಯೆ ಹುಡುಕಿ ಅಂತ. ಬಾಯಿಪಾಠ ಇತ್ತು. 'ದೊಡ್ಡದು = 0' ಅಂತ ಶುರು ಮಾಡಿ ಟಕಟಕ ಬರೆದುಕೊಟ್ಟೆ. ಅವರು ಮೂರು ಸಂಖ್ಯೆ ಕೊಟ್ಟರು: -7, -3, -12. ಮೂರೂ ಸೊನ್ನೆಗಿಂತ ಚಿಕ್ಕವು, ಹಾಗಾಗಿ ನನ್ನ ಪ್ರೋಗ್ರಾಂ ಪ್ರಕಾರ ಉತ್ತರ ಶುರುವಿನ 0 ಆಗಿಯೇ ಉಳಿಯಿತು. ಪಟ್ಟಿಯಲ್ಲಿ ಸೊನ್ನೆಯೇ ಇಲ್ಲ! ಸುಮ್ನೆ ಕೂತುಬಿಟ್ಟೆ. ಕೆಲಸ ಸಿಗಲಿಲ್ಲ.

ಈಗ ಕೋಡ್ ಅನ್ನು ಎಐ ಬರೆದುಕೊಡುತ್ತದೆ, ನಿಜ. ನಾನೂ ದಿನಾ ಬರೆಸುತ್ತೇನೆ. ಅದರಲ್ಲಿ ಇಂಥ ಸೊನ್ನೆ ಎಲ್ಲಿ ಕೂತಿದೆ ಅಂತ ಹಿಡಿಯುವುದಕ್ಕೇ ನನಗೆ ಸಂಬಳ. ಕಾಪಿ ಮಾಡಿ ಪಾಸಾದವರಿಗೆ ಈಗ ಮೊದಲಿಗಿಂತ ಕಷ್ಟ.

ಪ್ರಶ್ನೆ (ಮತ್ತೆ ಗುಬ್ಬಿಯವರು):
ತುಂಬಾ ಉಪಕಾರ ಮೇಡಂ. ಪಿಸಿಎಂಸಿಗೇ ಸೇರಿಸುತ್ತೇನೆ. ಲ್ಯಾಪ್‌ಟಾಪ್ ಈಗಲೇ ಕೊಡಿಸಬೇಕಾ?

ಉತ್ತರ:
ಬೇಡ ಅಣ್ಣ, ಡಿಗ್ರಿಗೆ ಸೇರುವಾಗ ನೋಡಿ. ಈಗ ಒಂದು ನೋಟ್‌ಬುಕ್ ಸಾಕು. ನಿಮ್ಮ ತೋಟದ ಲೆಕ್ಕದ ಪುಸ್ತಕ ಕೊಡಿ. ಹೆಚ್ಚು ಲಾಭ ಬಂದ ತಿಂಗಳು ಯಾವುದು ಅಂತ ಹುಡುಕುವ ಕ್ರಮವನ್ನು ಒಂದೊಂದೇ ಹೆಜ್ಜೆಯಾಗಿ ಬರೆಯಲಿ. ಅಜ್ಜಿಗೆ ಓದಿ ಹೇಳಿದರೆ ಅವರು ಮಧ್ಯೆ ಏನೂ ಕೇಳದೆ ಬೆರಳಿಟ್ಟು ಹುಡುಕುವ ಹಾಗಿರಬೇಕು. ಆಮೇಲೆ ಎಲ್ಲಾ ತಿಂಗಳೂ ನಷ್ಟ ಆದ ವರ್ಷದ ಪುಟ ತೆಗೆದುಕೊಡಿ. ತೆಂಗಿನವರ ಮನೆಯಲ್ಲಿ ಅಂಥ ಒಂದು ವರ್ಷ ಇದ್ದೇ ಇರುತ್ತದೆ. ಅವಳು ಬರೆದ ಹಾಳೆಯ ಫೋಟೋ ಇಲ್ಲೇ ಹಾಕಿ, ನಾನು ನೋಡುತ್ತೇನೆ.