ಜಿಮ್ಮಿ ಕಾರ್ಟರ್ ಮನೆ ಕಟ್ಟಿದ್ದು ನಿಜವೋ, ಫೋಟೊಗಾಗಿಯೋ?

ಪ್ರಶ್ನೆ:
ನಮ್ಮ ಚರ್ಚಿನ ತ್ರೈಮಾಸಿಕ ಪತ್ರಿಕೆಗೆ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಶ್ವೇತಭವನದ ನಾಲ್ಕು ವರ್ಷಗಳ ವಿಚಾರ ನನಗೆ ಬೇಡ. ಜಾರ್ಜಿಯಾ ರಾಜ್ಯದಲ್ಲಿ ಸಾವಿರ ಜನರೂ ಇಲ್ಲದ ಪ್ಲೇನ್ಸ್ ಎಂಬ ಊರಿನಲ್ಲಿ ಹುಟ್ಟಿ, ನೌಕಾಪಡೆಯಲ್ಲಿ ದುಡಿದು, ಅದೇ ಊರಿಗೆ ಮರಳಿ, ಬಡವರಿಗಾಗಿ ಮನೆ ಕಟ್ಟುತ್ತ, ಭಾನುವಾರ ಬೈಬಲ್ ಪಾಠ ಹೇಳುತ್ತ, 2024ರ ಡಿಸೆಂಬರ್ 29ರಂದು ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡ ಮನುಷ್ಯನ ಬಗ್ಗೆ ಬರೆಯಬೇಕಾಗಿದೆ. ತೊಡಕು ಬಂದಿರುವುದು ನಮ್ಮ ತಂದೆಯವರಿಂದ. ಅವರು ಮೇಸ್ತ್ರಿಯಾಗಿದ್ದವರು, ಶಂಕುಸ್ಥಾಪನೆಯ ದಿನ ಹೊಸ ಕರಣೆ ಹಿಡಿದು, ಒಂದು ಕಲ್ಲಿಗೆ ಗಾರೆ ಮೆತ್ತಿ, ಕೈ ತೊಳೆದುಕೊಂಡು ಹೊರಟುಬಿಡುವ ಗಣ್ಯರನ್ನು ಬಹಳ ಕಂಡಿದ್ದಾರೆ. ಕಾರ್ಟರ್ ಸುತ್ತಿಗೆ ಹಿಡಿದ ಚಿತ್ರ ತೋರಿಸಿದರೆ, "ಇವರೂ ಅದೇ ಪೈಕಿ" ಎಂದರು. ಕಾರ್ಟರ್ ಸ್ಥಾಪಿಸಿದ, ಬಡವರಿಗೆ ಮನೆ ಕಟ್ಟುವ ಹ್ಯಾಬಿಟ್ಯಾಟ್ ಸಂಸ್ಥೆಯಲ್ಲಿ ಅವರ ಕೈಕೆಲಸ ಎಷ್ಟಿತ್ತು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ (ಅಟ್ಲಾಂಟದಲ್ಲಿ ನೆಲೆಸಿರುವ ಕನ್ನಡಿಗ):
ಮೊದಲು ಒಂದು ತಿದ್ದುಪಡಿ. ಹ್ಯಾಬಿಟ್ಯಾಟ್ ಫಾರ್ ಹ್ಯುಮಾನಿಟಿಯನ್ನು ಕಾರ್ಟರ್ ಸ್ಥಾಪಿಸಲಿಲ್ಲ. 1976ರಲ್ಲಿ ಮಿಲರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ ಅದನ್ನು ಆರಂಭಿಸಿದ್ದು ಪ್ಲೇನ್ಸ್‌ಗೆ ಸಮೀಪದ ಅಮೆರಿಕಸ್ ಪಟ್ಟಣದಲ್ಲಿ. ಅದರ ಬೇರು, ಕರಿಯರೂ ಬಿಳಿಯರೂ ಕೂಡಿ ಬಾಳಬೇಕೆಂದು 1942ರಲ್ಲಿ ಹುಟ್ಟಿಕೊಂಡ ಕೊಯ್ನೊನಿಯಾ ಎಂಬ ಕ್ರೈಸ್ತ ಒಕ್ಕಲು ಸಮುದಾಯದಲ್ಲಿದೆ. ಮನೆಯನ್ನು ಪುಕ್ಕಟೆ ಕೊಡುವ ಪದ್ಧತಿ ಅಲ್ಲಿಲ್ಲ: ಲಾಭವಿಟ್ಟುಕೊಳ್ಳದೆ ಮಾರುತ್ತಾರೆ, ಸಾಲವನ್ನು ಕಂತಿನಲ್ಲಿ ತೀರಿಸಿಕೊಳ್ಳುತ್ತಾರೆ, ಮನೆ ಪಡೆಯುವವರು ತಾವೂ ನೂರಾರು ಗಂಟೆ ಮೈಮುರಿದು ದುಡಿಯಬೇಕು. ಬಡವನಿಗೆ ಸಾಲ ಕೊಟ್ಟು ಬಡ್ಡಿ ಕೇಳಬಾರದೆಂಬ, ಬೈಬಲಿನ ವಿಮೋಚನಕಾಂಡದ ಮಾತನ್ನು ಫುಲ್ಲರ್ ಅಕ್ಷರಶಃ ಹಿಡಿದರು. ಸಾಲಪತ್ರದ ಮಟ್ಟಕ್ಕೆ ಇಳಿದ ಧರ್ಮಗ್ರಂಥದ ವಾಕ್ಯ ಎಷ್ಟಿದ್ದೀತು?

ಇನ್ನು ಕೈಕೆಲಸದ ಮಾತು. 1984ರಲ್ಲಿ ಕಾರ್ಟರ್ ಮತ್ತು ಪತ್ನಿ ರೋಸಲಿನ್ ಇತರ ಸ್ವಯಂಸೇವಕರೊಡನೆ ಬಸ್ಸಿನಲ್ಲಿ ಜಾರ್ಜಿಯಾದಿಂದ ನ್ಯೂಯಾರ್ಕಿಗೆ ಹೋಗಿ, ಅಲ್ಲಿನ ಚರ್ಚೊಂದರಲ್ಲಿ ಮಲಗುತ್ತ, ಪಾಳುಬಿದ್ದ ಆರು ಮಹಡಿಯ ಕಟ್ಟಡವೊಂದನ್ನು 19 ಕುಟುಂಬಗಳಿಗೆ ವಾಸಯೋಗ್ಯ ಮಾಡುವ ಕೆಲಸಕ್ಕೆ ಇಳಿದರು. ಅಲ್ಲಿಂದ ಮುಂದೆ, ಮೂರು ದಶಕಗಳಿಗೂ ಮೀರಿ, ವರ್ಷದಲ್ಲಿ ಒಂದು ವಾರವನ್ನು ಇದಕ್ಕೇ ಮೀಸಲಿಟ್ಟರು. 2019ರ ಅಕ್ಟೋಬರ್‌ನಲ್ಲಿ, ಆಗತಾನೇ 95 ತುಂಬಿದ್ದಾಗ, ಮನೆಯಲ್ಲಿ ಬಿದ್ದು ಹುಬ್ಬಿನ ಮೇಲೆ 14 ಹೊಲಿಗೆ ಹಾಕಿಸಿಕೊಂಡು ಅದೇ ದಿನ ನ್ಯಾಶ್‌ವಿಲ್‌ನ ಮನೆ ಕಟ್ಟುವ ಕೆಲಸಕ್ಕೆ ಹೊರಟರು. ಕಪ್ಪುಗಟ್ಟಿದ ಕಣ್ಣಿನ ಆ ಚಿತ್ರವನ್ನು ತಮ್ಮ ತಂದೆಯವರಿಗೆ ತೋರಿಸಿ.

ಎರಡನೆಯ ಉತ್ತರ (ನಿವೃತ್ತ ನೌಕಾಪಡೆ ತಂತ್ರಜ್ಞ):
ಕಾರ್ಟರ್ ಅವರ ಸೇನಾಜೀವನವನ್ನು ಒಂದೇ ಸಾಲಿನಲ್ಲಿ ಮುಗಿಸಬೇಡಿ ಎಂದು ನನ್ನ ವಿನಂತಿ. 1946ರಲ್ಲಿ ನೌಕಾ ಅಕಾಡೆಮಿಯಿಂದ ಹೊರಬಂದವರು. ಅಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಭಾನುವಾರದ ಪಾಠ ಹೇಳುತ್ತಿದ್ದರು. ಆಮೇಲೆ ಜಲಾಂತರ್ಗಾಮಿಗಳಲ್ಲಿ ಸೇವೆ, ಬಳಿಕ ಪರಮಾಣು ನೌಕೆಗಳ ಜನಕ ಹೈಮನ್ ರಿಕೋವರ್ ಅವರ ಕೈಕೆಳಗೆ ಕೆಲಸ. 1952ರಲ್ಲಿ ಕೆನಡಾದ ಚಾಕ್ ರಿವರ್ ಪರಮಾಣು ರಿಯಾಕ್ಟರ್ ಕೆಟ್ಟಾಗ ಅದನ್ನು ಬಿಚ್ಚಲು ಹೋದ ತಂಡದಲ್ಲಿ ಇವರಿದ್ದರು. ವಿಕಿರಣದ ಕಾರಣ ಒಬ್ಬೊಬ್ಬರೂ ಒಳಗೆ ನಿಲ್ಲಬಹುದಾಗಿದ್ದುದು ಸುಮಾರು ಒಂದೂವರೆ ನಿಮಿಷ; ಆದ್ದರಿಂದ ಹೊರಗೆ ಅದರ ಪ್ರತಿಕೃತಿಯನ್ನು ಮಾಡಿಟ್ಟು, ಯಾವ ಬೋಲ್ಟನ್ನು ಹೇಗೆ ತಿರುಗಿಸಬೇಕೆಂದು ಅಭ್ಯಾಸ ಮಾಡಿ ಇಳಿಯುತ್ತಿದ್ದರು. ಹಾಗೆ ಪಳಗಿದ ಕೈಗೆ ಮರಗೆಲಸ ಒಗ್ಗಿದ್ದು ನನಗಂತೂ ಆಶ್ಚರ್ಯವಲ್ಲ.

1953ರಲ್ಲಿ ತಂದೆ ತೀರಿಕೊಂಡಾಗ ಕೆಲಸ ಬಿಟ್ಟು ಕಡಲೆಕಾಯಿ ವ್ಯವಹಾರ ನೋಡಲು ಊರಿಗೆ ಬಂದರು. ರೋಸಲಿನ್‌ಗೆ ಅದು ಸ್ವಲ್ಪವೂ ಇಷ್ಟವಿರಲಿಲ್ಲ. ಆ ವರ್ಷಗಳಲ್ಲಿ ಬರ ಬಿದ್ದು ಆದಾಯ ತೀರ ಕಡಿಮೆಯಿತ್ತು; ಕುಟುಂಬ ನೆಲೆಸಿದ್ದು ಬಡವರಿಗೆಂದು ಸರ್ಕಾರ ಕಟ್ಟಿಸಿದ್ದ ಬಾಡಿಗೆ ಮನೆಯಲ್ಲಿ. ಮನೆ ಕಟ್ಟುವ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಇದು.

ಮೂರನೆಯ ಉತ್ತರ:
ಚರ್ಚಿನ ಪತ್ರಿಕೆಗೆ ಬರೆಯುತ್ತಿದ್ದೀರಿ, ಆದ್ದರಿಂದ ಚರ್ಚಿನ ಕಹಿಯನ್ನೂ ಬರೆಯಿರಿ. ಕಾರ್ಟರ್ ಡೀಕನ್ (ಸಭೆಯ ಸೇವಾಧಿಕಾರಿ) ಆಗಿದ್ದ ಪ್ಲೇನ್ಸ್ ಬ್ಯಾಪ್ಟಿಸ್ಟ್ ಸಭೆ 1965ರಲ್ಲಿ ಕರಿಯರನ್ನು ಒಳಗೆ ಬಿಡಬಾರದೆಂದು ಮತ ಹಾಕಿತು. ವಿರೋಧಿಸಿದವರು ಕಾರ್ಟರ್ ಕುಟುಂಬದವರನ್ನು ಬಿಟ್ಟರೆ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದೇ ಮನುಷ್ಯ 1970ರಲ್ಲಿ ರಾಜ್ಯಪಾಲ ಹುದ್ದೆಯ ಚುನಾವಣೆಗೆ ನಿಂತಾಗ ವರ್ಣಭೇದ ಬಯಸುವವರ ಮತಗಳನ್ನು ಓಲೈಸಿದ್ದೂ ಉಂಟು. ಎರಡೂ ಒಂದೇ ಪುಟದಲ್ಲಿ ಬರಲಿ. ಸಂತನ ಚರಿತ್ರೆ ಬರೆಯುವ ಚಪಲ ನಮ್ಮ ಪತ್ರಿಕೆಗಳಿಗೆ ಸ್ವಲ್ಪ ಹೆಚ್ಚು.

ಕರಿಯರನ್ನು ಒಳಗೆ ಬಿಡುವ ವಿಚಾರದ ಜಗಳದಿಂದಲೇ ಪ್ಲೇನ್ಸ್ ಸಭೆ ಒಡೆದು 1977ರಲ್ಲಿ ಮರನಾಥ ಬ್ಯಾಪ್ಟಿಸ್ಟ್ ಚರ್ಚ್ ಹುಟ್ಟಿತು. ಅಧ್ಯಕ್ಷ ಪದವಿ ಮುಗಿಸಿ ಬಂದ ಕಾರ್ಟರ್ ಸೇರಿಕೊಂಡದ್ದು ಅದನ್ನು. ಅಲ್ಲಿನ ಮರದ ಶಿಲುಬೆ ಮತ್ತು ಕಾಣಿಕೆ ತಟ್ಟೆಗಳು ಅವರೇ ಮಾಡಿದವು. ತೊಂಬತ್ತು ದಾಟಿದ ಮೇಲೂ ಅಲ್ಲಿ ಪಾಠ ಹೇಳುತ್ತಿದ್ದರು; ಕೇಳಲು ಹೊರಊರುಗಳಿಂದ ಬಂದವರು ನಸುಕಿನಲ್ಲೇ ಸಾಲುಗಟ್ಟುತ್ತಿದ್ದರು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. "ಸ್ಥಾಪಕ" ಎಂಬ ಪದವನ್ನು ತೆಗೆದಿದ್ದೇನೆ, 1970ರ ವಿಷಯವನ್ನು ಸೇರಿಸುತ್ತೇನೆ. ತಂದೆಯವರಿಗೆ ಎಲ್ಲವನ್ನೂ ಓದಿ ಹೇಳಿದೆ. ಹೊಲಿಗೆಯ ಕಥೆ ಅವರ ಮೇಲೆ ಪರಿಣಾಮ ಬೀರಲಿಲ್ಲ, ಅವರು ಕೇಳಿದ್ದು ಒಂದೇ ಪ್ರಶ್ನೆ: "ಆರು ಮಹಡಿಯ ಪಾಳು ಕಟ್ಟಡ ಒಂದು ವಾರದಲ್ಲಿ ಹೇಗೆ ಮುಗಿಯಿತು?"

ಮೊದಲ ಉತ್ತರ ಬರೆದವರು:
ಮೇಸ್ತ್ರಿಗಳ ಲೆಕ್ಕ ಸರಿಯಾಗಿದೆ, ಮುಗಿಯಲಿಲ್ಲ. ಮರುವರ್ಷ, 1985ರಲ್ಲಿ, ಕಾರ್ಟರ್ ದಂಪತಿ ಇನ್ನೊಂದು ವಾರದ ಕೆಲಸಕ್ಕೆ ಮತ್ತೆ ನ್ಯೂಯಾರ್ಕಿಗೇ ಬಂದರು.