ಕಂಡೆನ್ಸರ್ ಮೇಲಿನ ‘ಎಂಎಫ್‌ಡಿ’ ಅಂದ್ರೆ ಮೆಗಾ ಫ್ಯಾರಡ್ಡಾ?

ಪ್ರಶ್ನೆ (ಕಟಪಾಡಿಯಿಂದ):
ನಮಸ್ಕಾರ ಸರ್. ನಮ್ಮ ಬಾವಿಯ ಪಂಪಿನ ಕಂಡೆನ್ಸರ್ ಹೋಗಿದೆ. ಅದರ ಮೇಲೆ ‘36 ಎಂಎಫ್‌ಡಿ, 440 ವೋಲ್ಟ್’ ಎಂದು ಉಂಟು. ಮಗಳು ಸೆಕೆಂಡ್ ಪಿಯುಸಿ ಸೈನ್ಸ್. ಅವಳು ಫೋನಿನ ಕನ್ವರ್ಟರಿನಲ್ಲಿ 36 ಮೆಗಾ ಫ್ಯಾರಡ್ ಎಂದು ಹಾಕಿದಳು. 3 ಕೋಟಿ 60 ಲಕ್ಷ ಫ್ಯಾರಡ್ ಬಂತು! ಅದೇ ಪಟ್ಟಿಯಲ್ಲಿ ಕಿಲೋ ಫ್ಯಾರಡ್, ಆಬ್‌ಫ್ಯಾರಡ್ ಅಂತೆಲ್ಲ ಉಂಟು. ಇವನ್ನೆಲ್ಲ ಯಾರಾದರೂ ಬಳಸುತ್ತಾರಾ?

ಉತ್ತರ (ಎಲೆಕ್ಟ್ರಿಕಲ್ ಮೇಷ್ಟ್ರು, ಮಂಗಳೂರು):
ನಮಸ್ಕಾರ. ಮಗಳ ಲೆಕ್ಕ ಸರಿ ಇದೆ, ಅಕ್ಷರ ಓದಿದ್ದು ಮಾತ್ರ ತಪ್ಪಿದೆ. ಕಂಡೆನ್ಸರ್ ಅಂದರೆ ಚಾರ್ಜ್ ತುಂಬಿಡುವ ಕೆಪಾಸಿಟರ್, ಅದು ಎಷ್ಟು ಹಿಡಿಯುತ್ತದೆ ಎನ್ನುವ ಅಳತೆಯೇ ಫ್ಯಾರಡ್. ಎಂಎಫ್‌ಡಿಯ ‘ಎಂ’ ಮೆಗಾ ಅಲ್ಲ, ಮೈಕ್ರೋ. ಮೈಕ್ರೋಗೆ ಗ್ರೀಕರ ‘ಮ್ಯೂ’ ಅಕ್ಷರ ಬೇಕು. ಅಚ್ಚಿನಲ್ಲಿ ಅದು ಸಿಗದಿದ್ದಾಗ ‘ಎಂ’ ಹಾಕುವ ರೂಢಿ ಬಂತು, ಹಾಗೇ ಉಳಿಯಿತು. 10 ಲಕ್ಷ ಮೈಕ್ರೋ ಸೇರಿದರೆ ಒಂದು ಫ್ಯಾರಡ್. ಅಂದರೆ ನಿಮ್ಮ ಕಂಡೆನ್ಸರ್ 0.000036 ಫ್ಯಾರಡ್ ಅಷ್ಟೇ. ಅಂಗಡಿಯಲ್ಲಿ ಅದೇ 36, ಅದೇ 440 ಕೇಳಿ ತನ್ನಿ. ವೋಲ್ಟ್ ಕಡಿಮೆಯದ್ದು ಬೇಡ.

ಫ್ಯಾರಡ್ ಎಷ್ಟು ದೊಡ್ಡದು ಅಂತ ಮಗಳಿಗೆ ತೋರಿಸಬೇಕು. ಅಗಲದ ಹಂಡೆಗೆ ಒಂದು ಕೊಡಪಾನ ನೀರು ಹಾಕಿದರೆ ಮಟ್ಟ ಸ್ವಲ್ಪವೇ ಏರುತ್ತದೆ, ಅಲ್ವಾ? ಆ ಅಗಲವೇ ಕೆಪಾಸಿಟನ್ಸ್, ಮಟ್ಟವೇ ವೋಲ್ಟ್. ಒಂದು ಕೂಲಂಬ್ ಚಾರ್ಜ್ ಹಾಕಿದಾಗ ಒಂದೇ ವೋಲ್ಟ್ ಏರುವಷ್ಟು ಅಗಲ ಇದ್ದರೆ ಅದು ಒಂದು ಫ್ಯಾರಡ್. ಎರಡು ಲೋಹದ ಹಾಳೆ ಇಟ್ಟು, ನಡುವೆ 1 ಮಿಲಿಮೀಟರ್ ಗಾಳಿ ಬಿಟ್ಟು ಇದನ್ನು ಮಾಡಬೇಕಾದರೆ ಒಂದೊಂದು ಹಾಳೆಯೂ ಸುಮಾರು 113 ಚದರ ಕಿಲೋಮೀಟರ್ ಬೇಕು. ಉಡುಪಿಯಿಂದ ನಿಮ್ಮ ಕಟಪಾಡಿ ದಾಟಿ ಹೋದಷ್ಟು ಉದ್ದ, ಅಷ್ಟೇ ಅಗಲ. ಇಡೀ ಭೂಮಿಯನ್ನು ಒಂದು ಲೋಹದ ಗುಂಡು ಎಂದುಕೊಂಡು ಲೆಕ್ಕ ಹಾಕಿದರೂ ಬರುವುದು ಸುಮಾರು 710 ಮೈಕ್ರೋ ಫ್ಯಾರಡ್. ನನಗೆ ಪ್ರತಿ ವರ್ಷ ಇದನ್ನು ಕ್ಲಾಸಿನಲ್ಲಿ ಹೇಳುವಾಗ ಖುಷಿಯಾಗುತ್ತದೆ.

ಆಬ್‌ಫ್ಯಾರಡ್ ಹಳೆಯ ಸೆಂಟಿಮೀಟರ್-ಗ್ರಾಂ-ಸೆಕೆಂಡ್ ಪದ್ಧತಿಯದ್ದು. ಒಂದು ಆಬ್‌ಕೂಲಂಬ್ ಅಂದರೆ 10 ಕೂಲಂಬ್. ಒಂದು ಆಬ್‌ವೋಲ್ಟ್ ಅಂದರೆ ವೋಲ್ಟಿನ 10 ಕೋಟಿಯಲ್ಲಿ ಒಂದು ಪಾಲು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ: 100 ಕೋಟಿ ಫ್ಯಾರಡ್ ಬರುತ್ತದೆ. ಅದೇ ಒಂದು ಆಬ್‌ಫ್ಯಾರಡ್, ಅಂದರೆ 1000 ಮೆಗಾ ಫ್ಯಾರಡ್ ಅಥವಾ 10 ಲಕ್ಷ ಕಿಲೋ ಫ್ಯಾರಡ್. ಆಬ್ ಮತ್ತು ಮೆಗಾ ಪುಸ್ತಕದ ಲೆಕ್ಕಕ್ಕೆ ಮಾತ್ರ. ಕಿಲೋ ಹಾಗಲ್ಲ. ಈಗ ಸೂಪರ್ ಕೆಪಾಸಿಟರ್ ಬಂದಿದೆ. 2.7 ವೋಲ್ಟಿನ, ಕೈಯಲ್ಲಿ ಹಿಡಿಯುವಂಥ ಒಂದು ಡಬ್ಬಿ 3000 ಫ್ಯಾರಡ್, ಅಂದರೆ 3 ಕಿಲೋ ಫ್ಯಾರಡ್.

ಪ್ರಶ್ನೆ (ಸುರತ್ಕಲ್‌ನಿಂದ):
ಸರ್, 113 ಚದರ ಕಿಲೋಮೀಟರ್ ಅಂತೀರಿ, ಮತ್ತೆ 3000 ಫ್ಯಾರಡ್ ಡಬ್ಬಿಯೊಳಗೆ ಹೇಗೆ ಕೂತಿತು?

ಉತ್ತರ:
ಒಳ್ಳೆಯ ಪ್ರಶ್ನೆ. ಅದರೊಳಗೆ ವಿಶೇಷವಾಗಿ ಹದ ಮಾಡಿದ ಇದ್ದಿಲು ಇರುತ್ತದೆ. ಹೆಚ್ಚಾಗಿ ತೆಂಗಿನ ಗೆರಟೆಯದ್ದೇ! ಅದರ ತುಂಬ ಕಣ್ಣಿಗೆ ಕಾಣದ ತೂತುಗಳು. ಒಂದು ಗ್ರಾಂ ಪುಡಿಯ ಒಳಮೈ ಬಿಡಿಸಿ ಹಾಸಿದರೆ 1000 ಚದರ ಮೀಟರಿಗಿಂತ ಜಾಸ್ತಿ. ನಮ್ಮ ಲೆಕ್ಕದಲ್ಲಿ ಸುಮಾರು 25 ಸೆಂಟ್ಸ್ ಜಾಗ. ನಡುವಿನ ಅಂತರವೂ ಮಿಲಿಮೀಟರ್ ಅಲ್ಲ, ಅಣುಗಳ ದಪ್ಪದಷ್ಟೇ. ಜಾಗ ಹೆಚ್ಚಾಯಿತು, ಅಂತರ ಕಡಿಮೆಯಾಯಿತು, ಫ್ಯಾರಡ್ ಏರಿತು.

ಪ್ರಶ್ನೆ (ಸುರತ್ಕಲ್‌ನಿಂದ):
ಹಾಗಾದರೆ ಅಂಥ ಆರು ಡಬ್ಬಿ ಸೀರೀಸಿನಲ್ಲಿ ಹಾಕಿದರೆ 18 ಕಿಲೋ ಫ್ಯಾರಡ್. ಇನ್ವರ್ಟರ್ ಬ್ಯಾಟರಿ ತೆಗೆದು ಇದನ್ನೇ ಇಡಬಹುದಲ್ವಾ? ಮಳೆಗಾಲದಲ್ಲಿ ಕರೆಂಟ್ ಹೋದರೆ ಬರುವುದೇ ಇಲ್ಲ.

ಉತ್ತರ:
ಇಲ್ಲಿ ತುಂಬ ಜನ ಎಡವುತ್ತಾರೆ, ನಿಧಾನ ನೋಡಿ. ಸೀರೀಸಿನಲ್ಲಿ, ಅಂದರೆ ಒಂದರ ಹಿಂದೊಂದು ಜೋಡಿಸಿದಾಗ, ವೋಲ್ಟ್ ಕೂಡುತ್ತದೆ, ಫ್ಯಾರಡ್ ಕೂಡುವುದಿಲ್ಲ. 3000ವನ್ನು 6ರಿಂದ ಭಾಗಿಸಬೇಕು. ಸಿಗುವುದು 500 ಫ್ಯಾರಡ್, ಅಂದರೆ ಅರ್ಧ ಕಿಲೋ ಫ್ಯಾರಡ್, 16.2 ವೋಲ್ಟ್. ಪ್ಯಾರಲಲ್, ಅಂದರೆ ಅಕ್ಕಪಕ್ಕ ಜೋಡಿಸಿ ಹಾಕಿದರೆ ನೀವು ಹೇಳಿದ 18 ಕಿಲೋ ಸಿಗುತ್ತದೆ, ಆದರೆ ವೋಲ್ಟ್ 2.7ರಲ್ಲೇ ನಿಲ್ಲುತ್ತದೆ.

ಎರಡರಲ್ಲೂ ತುಂಬುವ ಶಕ್ತಿ ಒಂದೇ. ಫ್ಯಾರಡ್‌ನ ಅರ್ಧವನ್ನು ವೋಲ್ಟಿನ ವರ್ಗದಿಂದ ಗುಣಿಸಿ. 65,610 ಜೂಲ್. 3600ರಿಂದ ಭಾಗಿಸಿದರೆ ಸುಮಾರು 18 ವಾಟ್-ಅವರ್. ಪೂರ್ತಿ ಬಳಸಲು ಆದರೂ 9 ವಾಟಿನ ಒಂದು ಬಲ್ಬಿಗೆ ಎರಡೇ ಗಂಟೆ. ನಿಮ್ಮ ಮನೆಯದು 150 ಆಂಪಿಯರ್-ಅವರ್, 12 ವೋಲ್ಟ್ ಬ್ಯಾಟರಿ ಆದರೆ 1800 ವಾಟ್-ಅವರ್. ನೂರು ಪಟ್ಟು! ಸೂಪರ್ ಕೆಪಾಸಿಟರ್ ಸ್ವಲ್ಪ ಹೊತ್ತು ಜೋರಾಗಿ ಕರೆಂಟ್ ಕೊಡುವ ಕೆಲಸಕ್ಕೆ, ಎಂಜಿನ್ ಸ್ಟಾರ್ಟ್ ಮಾಡಲು ಬಹಳ ಒಳ್ಳೆಯದು. ರಾತ್ರಿಯಿಡೀ ಫ್ಯಾನ್ ತಿರುಗಿಸಲು ಅಲ್ಲ.

ಪ್ರಶ್ನೆ (ಕಟಪಾಡಿಯಿಂದ):
ಸರ್, ಮಗಳ ಪುಸ್ತಕದಲ್ಲಿ ಸಣ್ಣ ‘ಎಂ’, ದೊಡ್ಡ ‘ಎಫ್’ ಉಂಟು. ಅದೂ ಮೈಕ್ರೋನಾ?

ಉತ್ತರ:
ಅಲ್ಲ, ಅದು ಮಿಲಿ. ಒಂದು ಮಿಲಿ ಫ್ಯಾರಡ್ ಅಂದರೆ 1000 ಮೈಕ್ರೋ. ಪುಸ್ತಕದಲ್ಲಿ 4.7 ಮಿಲಿ ಎಂದಿದ್ದರೆ ಅಂಗಡಿಯಲ್ಲಿ 4700 ಮೈಕ್ರೋ ಎಂದು ಕೇಳಬೇಕು. ಹಳೆಯ ರೇಡಿಯೋ ಸರ್ಕ್ಯೂಟುಗಳಲ್ಲಿ ಮಾತ್ರ ಸಣ್ಣ ‘ಎಂ’ ಕೂಡ ಮೈಕ್ರೋ ಆಗಿರುತ್ತದೆ. ಯಾವುದೇ ಲೆಕ್ಕ ಇರಲಿ, ಮೊದಲು ಎಲ್ಲವನ್ನೂ ಬರೀ ಫ್ಯಾರಡ್‌ಗೆ ತಂದು ಬರೆಯಲು ಹೇಳಿ. ಆಮೇಲೆ ಬೇಕಾದ ಕಡೆ ಬದಲಾಯಿಸಲಿ.

ಮತ್ತೆ ಪಂಪಿನ ಹಳೆಯ ಕಂಡೆನ್ಸರ್ ಬಿಚ್ಚುವಾಗ ಮೇನ್ ಸ್ವಿಚ್ ತೆಗೆಯಿರಿ. ತುದಿಗಳಿಗೆ ಕೈ ತಾಗಿಸುವ ಮೊದಲು ಹಳೆಯ ಗುಂಡು ಬಲ್ಬ್ ಒಂದನ್ನು ಅದರ ಎರಡು ವಯರಿಗೆ ಸ್ವಲ್ಪ ಹೊತ್ತು ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಇಳಿದುಹೋಗುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವುದು ಬೇಡ, ಮಾರಾಯ್ರೇ.